ಆರು ಲೋಟ ನೀರು

ಕೇಳುಗರೆಲ್ಲರಿಗೂ ನಮಸ್ಕಾರ.

ನಾನು ಸ್ಕ್ಯಾನ್ ಚಿತ್ರ ನೋಡಿ ರಿಪೋರ್ಟ್ ಬರೆಯುವ ಡಾಕ್ಟರು. ಹೊಟ್ಟೆಯ ಸಿಟಿ ಸ್ಕ್ಯಾನ್ ಬಗ್ಗೆ ರೇಡಿಯೋದಲ್ಲಿ ಹತ್ತು ನಿಮಿಷ ಮಾತಾಡಿ ಅಂತ ಕರೆದಿದ್ದಾರೆ. ಮೆಷಿನ್ ಬಗ್ಗೆ ಹೇಳಿ ಅಂದರು. ಮೆಷಿನ್ನನ್ನು ನಾವು ನೋಡಿಕೊಳ್ಳುತ್ತೇವೆ ಬಿಡಿ. ಸ್ಕ್ಯಾನಿಗೆ ಮೊದಲು ನಿಮ್ಮ ಕೈಗೆ ಒಂದು ಬಾಟಲಿ ನೀರು ಕೊಟ್ಟು ಕುಡಿಯಿರಿ ಅನ್ನುತ್ತಾರಲ್ಲ, ನಾನು ಇವತ್ತು ಆ ಬಾಟಲಿ ಬಗ್ಗೆ ಮಾತಾಡುತ್ತೇನೆ. ಯಾಕೆಂದರೆ ಹೊಟ್ಟೆ ಸ್ಕ್ಯಾನ್ ಕೆಡುವುದು ಜಾಸ್ತಿ ಅಲ್ಲೇ.

ನಾಳೆಯೋ ನಾಡಿದ್ದೋ ನಿಮಗೆ, ಅಥವಾ ಮನೆಯಲ್ಲಿ ಅಮ್ಮನಿಗೋ ಮಾವನಿಗೋ ಸ್ಕ್ಯಾನ್ ಇದ್ದರೆ ಇಷ್ಟು ನೆನಪಿಡಿ ಸಾಕು. ನಿಧಾನವಾಗಿ ಕುಡಿಯಿರಿ. ಪೂರ್ತಿ ಕುಡಿಯಿರಿ. ಮಿಕ್ಕಿದ್ದನ್ನೆಲ್ಲ ಮರೆತರೂ ನನಗೆ ಬೇಜಾರಿಲ್ಲ.

ಯಾಕೆ ಅಂತ ಹೇಳುತ್ತೇನೆ. ಸಿಟಿ ಮೆಷಿನ್ ಮಾಡುವುದು ಇಷ್ಟೇ, ಮೈ ಸುತ್ತ ಎಕ್ಸ್‌ರೇ ತಿರುಗಿಸಿ ಒಳಗಿನ ಪ್ರತಿ ಚುಕ್ಕೆಗೂ ಒಂದು ನಂಬರು ಕೊಡುತ್ತದೆ. ನೀರಿಗೆ ಸೊನ್ನೆ, ಗಾಳಿಗೆ ಮೈನಸ್ 1000. ಈ ನಂಬರಿಗೆ ಹೌನ್ಸ್‌ಫೀಲ್ಡ್ ಅಂತ ಹೆಸರು. ಮೆಷಿನ್ ಕಟ್ಟಿದ ಇಂಗ್ಲೆಂಡಿನ ಎಂಜಿನಿಯರ್ ಗಾಡ್‌ಫ್ರೀ ಹೌನ್ಸ್‌ಫೀಲ್ಡ್ ಅವರ ಹೆಸರು ಅದು. 1971ರಲ್ಲಿ ಲಂಡನ್ನಿನ ಆಸ್ಪತ್ರೆಯಲ್ಲಿ ಮೊದಲ ರೋಗಿಯ ಸ್ಕ್ಯಾನ್ ಆಯಿತು, 1979ರಲ್ಲಿ ನೊಬೆಲ್ ಬಂತು. ಅವರು ಶುರು ಮಾಡಿದ್ದು ತಲೆಯಿಂದ. ಪುಣ್ಯವಂತರು, ತಲೆಯಲ್ಲಿ ಕರುಳಿಲ್ಲ.

ಹೊಟ್ಟೆಯಲ್ಲಿ ಇದೆ. ಸಣ್ಣ ಕರುಳೊಂದೇ ಸುಮಾರು 20 ಅಡಿ. ಪಂಪ್‌ಸೆಟ್ಟಿನ ಪ್ಲಾಸ್ಟಿಕ್ ಪೈಪು ನೀರಿಲ್ಲದಾಗ ಚಪ್ಪಟೆಯಾಗಿ ಮುದುಡಿ ಬಿದ್ದಿರುತ್ತದಲ್ಲ, ಖಾಲಿ ಕರುಳೂ ಹಾಗೇ. ಅಲ್ಲೊಂದು ಸುತ್ತು ಮುದ್ದೆಯಾಗಿ ಕೂತಿದ್ದರೆ ಅದರ ನಂಬರೂ ಒಂದು ಗಡ್ಡೆಯ ನಂಬರೂ ಹೆಚ್ಚುಕಮ್ಮಿ ಒಂದೇ, ಎರಡೂ ಬೂದು ಬಣ್ಣ, ಎರಡೂ ಉಂಡೆ, ನಾನು ಕತ್ತಲೆ ಕೋಣೆಯಲ್ಲಿ ಪರದೆ ಮುಂದೆ ಕೂತು ಇದು ಯಾವುದಪ್ಪಾ ಅಂತ ತಲೆ ಕೆರೆದುಕೊಳ್ಳಬೇಕು. ಪೈಪಿನೊಳಗೆ ನೀರು ಹರಿದರೆ ಪೈಪು ಉಬ್ಬುತ್ತದೆ. ಆಗ ಇದು ಕರುಳು, ಇದು ಬೇರೆ ಅಂತ ಹೇಳಬಹುದು. ಬಾಟಲಿ ಇರುವುದು ಅದಕ್ಕೆ.

ಇನ್ನು ನಾನು ಎಲ್ಲಿ ಹೋದರೂ ಹೇಳುವ ಒಂದು ಕಥೆ. ನಮ್ಮ ಮನೆಯವರಿಗೆ ಕೇಳಿ ಕೇಳಿ ಸಾಕಾಗಿದೆ.

ನಾನು ಮುಂಚೆ ಕೆಲಸ ಮಾಡುತ್ತಿದ್ದ ಆಸ್ಪತ್ರೆಗೆ ಮಳವಳ್ಳಿ ಕಡೆಯಿಂದ ಒಬ್ಬರು ತಾತ ಬಂದಿದ್ದರು. ಎಪ್ಪತ್ತರ ಮೇಲೆ ವಯಸ್ಸು. ಹೊಟ್ಟೆನೋವು, ತೂಕ ಬೇರೆ ಇಳಿದಿತ್ತು. ಬೆಳಗ್ಗೆ ಮೊದಲನೇ ಬಸ್ಸಿಗೆ ಮಗನ ಜೊತೆ ಬಂದಿದ್ದಾರೆ. ಸಿಸ್ಟರ್ ಒಂದೂವರೆ ಲೀಟರ್ ಬಾಟಲಿ ಕೈಗಿಟ್ಟು "ಕುಡೀರಿ ತಾತ" ಅಂತ ಹೇಳಿ ಹೋದರು. ಅಷ್ಟೇ ಹೇಳಿದ್ದು. ಹೇಗೆ, ಎಷ್ಟು ಹೊತ್ತಲ್ಲಿ, ಯಾಕೆ, ಒಂದೂ ಇಲ್ಲ. ತಪ್ಪು ನಮ್ಮದೇ. ಸ್ಕ್ಯಾನ್ ಆಯಿತು. ನಾನು ನೋಡಿದೆ. ಮೇದೋಜೀರಕ ಗ್ರಂಥಿಯ ತುದಿಯ ಹತ್ತಿರ ನಿಂಬೆಹಣ್ಣಿನ ಗಾತ್ರದ ಒಂದು ಉಂಡೆ. ಕರುಳಿನ ಸುತ್ತೇ ಇರಬಹುದು ಅನ್ನಿಸಿತು, ಆದರೆ ಒಳಗೆ ಒಂದು ಹನಿ ನೀರಿಲ್ಲ. ಹೇಗೆ ಹೇಳಲಿ? ಕರುಳಿರಬಹುದು, ಗಡ್ಡೆಯೂ ಇರಬಹುದು, ಇನ್ನೊಮ್ಮೆ ನೋಡಬೇಕು ಅಂತ ಬರೆದೆ.

ಮಗ ರಿಪೋರ್ಟ್ ಓದಿದ. ಅವನ ಕಣ್ಣಿಗೆ ಬಿದ್ದಿದ್ದು ಗಡ್ಡೆ ಅನ್ನುವ ಒಂದೇ ಪದ. ಸಂಜೆಯೊಳಗೆ ಊರಿಗೆಲ್ಲ ಗೊತ್ತಾಯಿತು. ಬೆಂಗಳೂರಿನಲ್ಲಿದ್ದ ಮಗಳು ರಾತ್ರೋರಾತ್ರಿ ಮಗು ಎತ್ತಿಕೊಂಡು ಬಂದಳಂತೆ. ಮನೆಯಲ್ಲಿ ಎರಡು ದಿನ ಯಾರೂ ನೆಟ್ಟಗೆ ಊಟ ಮಾಡಲಿಲ್ಲವಂತೆ.

ಮೂರನೇ ದಿನ ಎಲ್ಲರೂ ಬಂದರು, ಒಂದು ಟೆಂಪೋ ಜನ. ನಾನೇ ಹೊರಗೆ ಹೋಗಿ ತಾತನ ಪಕ್ಕ ಬೆಂಚಿನ ಮೇಲೆ ಕೂತೆ. "ತಾತ, ಮೊನ್ನೆ ಆ ನೀರು ಹೇಗೆ ಕುಡಿದಿರಿ?" ಅಂದೆ. ತಾತ ಆಚೆ ಈಚೆ ನೋಡಿ ಮೆಲ್ಲಗೆ ಹೇಳಿದರು: "ಅರ್ಧ ಕುಡ್ದೆ ಕಣವ್ವ, ಒಂದೇ ಏಟ್ಗೆ. ಹೊಟ್ಟೆ ಉಬ್ಬರಿಸ್ಕತು. ಮಿಕ್ಕಿದ್ನ ಆ ಕುಂಡದ ಗಿಡಕ್ಕೆ ಹುಯ್ದೆ. ಪಾಪ, ಒಣಗೋಗಿತ್ತು."

ಬಾಗಿಲ ಹತ್ತಿರ ನಮ್ಮ ಕ್ರೋಟನ್ ಗಿಡ ಚೆನ್ನಾಗಿ ನಳನಳಿಸುತ್ತಿತ್ತು.

ನನಗೆ ಸಿಟ್ಟೂ ಬಂತು, ನಗುವೂ ಬಂತು. "ತಾತ, ನಿಮ್ಮದು ನಾಲೆ ನೀರಿನ ಗದ್ದೆ ಅಲ್ವಾ? ಕನ್ನಂಬಾಡಿಯಲ್ಲಿ ತೂಬು ಎತ್ತಿದ ತಕ್ಷಣ ನಿಮ್ಮ ಗದ್ದೆಗೆ ನೀರು ಬರುತ್ತಾ?" ಅಂತ ಕೇಳಿದೆ. ಕನ್ನಂಬಾಡಿ ಅಣೆಕಟ್ಟೆಯಿಂದ ಬರುವ ವಿ.ಸಿ. ನಾಲೆಯ ಕೊನೆ ಭಾಗದವರನ್ನು ಈ ಪ್ರಶ್ನೆ ಕೇಳಬಾರದು, ಕಾಲು ಗಂಟೆ ಬೈದರು. ಮೇಲ್ಗಡೆಯವರನ್ನು, ನಾಲೆ ನೀರು ಬಿಡುವ ಸೌಡಿಯನ್ನು, ಎಂಜಿನಿಯರನ್ನು, ಯಾರನ್ನೂ ಬಿಡಲಿಲ್ಲ. ಬೈದು ಮುಗಿಸಿ ಸುಮ್ಮನಾದರು. ಆಮೇಲೆ ನನ್ನ ಮುಖ ನೋಡಿ, "ಹಂಗಂದ್ರೆ ಅವತ್ತು ನಮ್ಮೂರ್ಗೆ ನೀರೇ ಬರ್ನಿಲ್ಲ ಅನ್ನು" ಅಂದರು.

ಅದೇ ವಿಷಯ! ಇಪ್ಪತ್ತು ವರ್ಷದಿಂದ ನಾನು ಹೇಳಲು ಒದ್ದಾಡುವುದನ್ನು ತಾತ ಒಂದೇ ಮಾತಲ್ಲಿ ಹೇಳಿದರು. ಒಂದೇ ಸಲ ಗಟಗಟ ಕುಡಿದರೆ ಮುಂದೆ ನುಗ್ಗುವ ಒಂದು ದೊಡ್ಡ ಅಲೆ ಹೋಗುತ್ತದೆ, ಹಿಂದೆ ಕರುಳು ಮತ್ತೆ ಮುದುಡಿಕೊಳ್ಳುತ್ತದೆ. ಕೊನೇ ಲೋಟ ಒಂದನ್ನೇ ಕುಡಿದರೆ ಜಠರ ತುಂಬುತ್ತದೆ, ಕೆಳಗೆ ಒಣ. ನಾಲೆ ಮೇಲಿಂದ ಕೆಳಗಿನವರೆಗೆ ಒಂದೇ ಹೊತ್ತಿಗೆ ತುಂಬಿರಬೇಕಾದರೆ ನೀರು ಸಮನಾಗಿ ಬಿಡುತ್ತಲೇ ಇರಬೇಕು.

ಆವತ್ತು ಸೊಸೆ ಮೊಬೈಲಲ್ಲಿ ಅಲಾರಂ ಇಟ್ಟುಕೊಂಡರು. ಒಂದೂವರೆ ಲೀಟರ್ ಅಂದರೆ ಕಾಲು ಲೀಟರ್ ಲೋಟದಲ್ಲಿ ಆರು ಲೋಟ. ಕಾಲು ಗಂಟೆಗೆ ಒಂದು, ಗುಟುಕು ಗುಟುಕಾಗಿ. ಆರನೆಯದು ಸ್ಕ್ಯಾನ್ ಟೇಬಲ್ ಹತ್ತುವ ಮುಂಚೆ. ಉಸಿರು ಹಿಡಿದಿರಿ ಅಂದೆವು, ಹತ್ತು ಸೆಕೆಂಡಲ್ಲಿ ಮುಗಿಯಿತು. ಗಡ್ಡೆ ಇರಲಿಲ್ಲ. ಅದೇ ಜಾಗದಲ್ಲಿ ಕರುಳಿನ ಒಂದು ಸುತ್ತು, ಒಳಗೆ ನೀರು ತುಂಬಿಕೊಂಡು ಕೂತಿತ್ತು. ಹೊಟ್ಟೆನೋವಿಗೆ ಬೇರೆ ಕಾರಣ ಸಿಕ್ಕಿತು, ಮಾತ್ರೆಯಲ್ಲೇ ವಾಸಿಯಾಯಿತು. ಹೊರಗೆ ಬಂದ ತಾತ ಕೇಳಿದ್ದು ಗಡ್ಡೆ ವಿಷಯ ಅಲ್ಲ. "ಕೊನೇ ಗದ್ದೆಗಂಟ ಬಂತಾ ನೀರು?" ಬಂತು ತಾತ ಅಂದೆ.

ಅಯ್ಯೋ, ಗಾಜಿನ ಆಚೆಯಿಂದ ಎರಡು ಬೆರಳು ತೋರಿಸುತ್ತಿದ್ದಾರೆ. ಎರಡೇ ನಿಮಿಷ. ಬೇಗ ಬೇಗ ಹೇಳಿಬಿಡುತ್ತೇನೆ.

ಖಾಲಿ ಹೊಟ್ಟೆಯಲ್ಲಿ ಬನ್ನಿ ಅಂದರೆ ಊಟ ತಿಂಡಿ ಬೇಡ ಅಂತ. ಸಾಮಾನ್ಯವಾಗಿ ನಾಲ್ಕರಿಂದ ಆರು ಗಂಟೆ. ಬಿಪಿ ಮಾತ್ರೆ ಬಿಡಬೇಡಿ, ಒಂದು ಗುಟುಕು ನೀರಲ್ಲಿ ನುಂಗಿ ಬನ್ನಿ. ಸಕ್ಕರೆ ಕಾಯಿಲೆಯವರು ಮಾತ್ರೆ, ಇನ್ಸುಲಿನ್ ಏನು ಮಾಡಲಿ ಅಂತ ಹಿಂದಿನ ದಿನವೇ ಕೇಳಿ, ಮೆಟ್‌ಫಾರ್ಮಿನ್ ತಗೊಳ್ಳುತ್ತಿದ್ದರೆ ಹೇಳಿ. ಚಿತ್ರ ಸ್ಪಷ್ಟವಾಗಿ ಕಾಣಲಿ ಅಂತ ಕೈಗೆ ಚುಚ್ಚುವ ಔಷಧಿ, ಅಂದರೆ ಡೈ, ಬೇರೆ, ಕುಡಿಯುವ ನೀರು ಬೇರೆ. ಚುಚ್ಚಿದಾಗ ಮೈಯೆಲ್ಲ ಬಿಸಿ ಆಗುತ್ತದೆ, ಹೆದರಬೇಡಿ. ಕಿಡ್ನಿ ಹೇಗಿದೆ ಅಂತ ತೋರಿಸುವ ರಕ್ತಪರೀಕ್ಷೆ, ಕ್ರಿಯಾಟಿನಿನ್ ರಿಪೋರ್ಟ್, ಜೊತೆಗಿರಲಿ. ಹಿಂದೆ ಡೈ ಕೊಟ್ಟಾಗ ಮೈ ದದ್ದು ಎದ್ದಿದ್ದರೆ, ಬಸುರಿ ಇರಬಹುದು ಅಂತ ಅನುಮಾನ ಇದ್ದರೆ, ನಾಚಿಕೆ ಬೇಡ, ಮೊದಲೇ ಹೇಳಿ. ಹಿಂದಿನ ವಾರ ಬೇರಿಯಂ ಅನ್ನುವ ಬಿಳಿ ದ್ರವ ಕುಡಿಸಿ ಎಕ್ಸ್‌ರೇ ತೆಗೆದಿದ್ದರೆ ಅದನ್ನೂ ಹೇಳಿ, ಅದು ಹೊಟ್ಟೆಯಲ್ಲಿ ಉಳಿದಿದ್ದರೆ ಚಿತ್ರವೆಲ್ಲ ಗೆರೆ ಗೆರೆ.

ಕಿಡ್ನಿ ಕಲ್ಲು ನೋಡಲು ಈ ಬಾಟಲಿ ಬೇಕಿಲ್ಲ. ಆ್ಯಕ್ಸಿಡೆಂಟ್ ಆಗಿ ಬಂದವರನ್ನೂ ಕಾಯಿಸುವುದಿಲ್ಲ. ಪಕ್ಕದ ಬೆಡ್ಡಿನವರಿಗೆ ಕೊಟ್ಟರು ನಮಗೆ ಕೊಡಲಿಲ್ಲ ಅಂತ ಜಗಳ ಬೇಡ. ವಾಂತಿ ಬರುತ್ತಿದ್ದರೆ ಬಲವಂತವಾಗಿ ಕುಡಿಯಬೇಡಿ, ಸಿಸ್ಟರನ್ನು ಕರೆಯಿರಿ. ಮಿಕ್ಕವರು, ಮೇಡಂ ಬಸ್ಸಿಗೆ ಹೊತ್ತಾಯ್ತು ಬೇಗ ಒಳಗೆ ಕರೀರಿ ಅಂತ ಬಾಗಿಲು ಬಡಿಯುವವರು, ದಯವಿಟ್ಟು ಕೂತು ಕುಡಿಯಿರಿ. ನಿಧಾನವಾಗಿ. ಪೂರ್ತಿ.

ಬಸ್ಸು ಅಂದಾಗ ನೆನಪಾಯಿತು. ಬಾಟಲಿಯಲ್ಲಿ ಕೆಲವು ಕಡೆ ಅಯೋಡಿನ್ ಇರುವ ಔಷಧಿ ಬೆರೆಸಿರುತ್ತಾರೆ, ಸ್ವಲ್ಪ ಕಹಿ. ಕೆಲವು ಕಡೆ ಮ್ಯಾನಿಟಾಲ್, ಅದು ಸಿಹಿ. ಈ ಮ್ಯಾನಿಟಾಲ್ ನೀರನ್ನು ಕರುಳಲ್ಲೇ ಹಿಡಿದಿಡುತ್ತದೆ, ಆಮೇಲೆ ಎಲ್ಲವನ್ನೂ ಒಟ್ಟಿಗೆ ಬಿಟ್ಟುಬಿಡುತ್ತದೆ. ಅದಕ್ಕೆ ಸಿಹಿ ನೀರು ಕುಡಿದವರು ಸ್ಕ್ಯಾನ್ ಮುಗಿದ ಕೂಡಲೇ ದೂರದ ಬಸ್ಸು ಹತ್ತಬೇಡಿ. ಒಂದೆರಡು ಗಂಟೆ ಆಸ್ಪತ್ರೆಯಲ್ಲೇ, ಶೌಚಾಲಯ ಕಾಣುವ ಹಾಗೆ ಕೂತಿರಿ.

ನಮಸ್ಕಾರ.