ಹೆಗಲು ಮುಟ್ಟಿ ನೋಡುವ ಯಂತ್ರ

ಕೇಳುಗರಿಗೆ ನಮಸ್ಕಾರ.

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಅನ್ನುವ ಗಾದೆ ನಮಗೆಲ್ಲ ಗೊತ್ತು. ತಪ್ಪು ಮಾಡಿದವನನ್ನು ಅವನ ಮೈಯೇ ಬಿಟ್ಟುಕೊಡುತ್ತದೆ ಎಂಬ ನಂಬಿಕೆ ಆ ಗಾದೆಯೊಳಗಿದೆ. ಪಾಲಿಗ್ರಾಫ್, ಅಂದರೆ ಸುಳ್ಳು ಪತ್ತೆ ಯಂತ್ರ, ನಿಂತಿರುವುದೂ ಅದೇ ನಂಬಿಕೆಯ ಮೇಲೆ. ಆದರೆ ನಾಲ್ಕು ಜನರ ಕಣ್ಣು ತನ್ನ ಮೇಲೆ ಬಿದ್ದಾಗ ಕುಂಬಳಕಾಯಿ ಕಾಣದವನೂ ಹೆಗಲು ಸವರಿಕೊಳ್ಳುತ್ತಾನೆ. ಈ ಯಂತ್ರದ ಬಳಕೆಯನ್ನು ಬಿಗಿಯುವ ಕಾನೂನುಗಳೆಲ್ಲ ಹುಟ್ಟಿದ್ದು ಈ ಒಂದು ತೊಡಕಿನಿಂದ.

ಮೊದಲು ಯಂತ್ರ ಏನನ್ನು ಅಳೆಯುತ್ತದೆ ನೋಡೋಣ. ಎದೆಗೊಂದು, ಹೊಟ್ಟೆಗೊಂದು ರಬ್ಬರ್ ಕೊಳವೆ ಸುತ್ತಿ ಉಸಿರಾಟ ದಾಖಲಿಸುತ್ತಾರೆ. ತೋಳಿಗೆ ಕಟ್ಟುವ ಪಟ್ಟಿ ರಕ್ತದೊತ್ತಡ ಮತ್ತು ನಾಡಿಯ ಏರಿಳಿತ ಹಿಡಿಯುತ್ತದೆ. ಎರಡು ಬೆರಳುಗಳಿಗೆ ಹಾಕುವ ಲೋಹದ ತುಣುಕುಗಳು ಬೆವರಿನಿಂದ ಚರ್ಮದ ವಿದ್ಯುತ್ ವಾಹಕತೆ ಬದಲಾಗುವುದನ್ನು ಗುರುತಿಸುತ್ತವೆ. ಕಾಲ್ಬೆರಳು ಒತ್ತಿಯೋ ಮೈ ಬಿಗಿದೋ ಯಂತ್ರ ಬರೆಯುವ ಗೆರೆ ಕೆಡಿಸುವವರನ್ನು ಹಿಡಿಯಲು ಕುರ್ಚಿಯ ಮೇಲೂ ಒಂದು ಸಂವೇದಕ ಇರುತ್ತದೆ. ಸುಳ್ಳಿಗೆ ಅಂತಲೇ ಮೀಸಲಾದ ಗೆರೆ ಇವುಗಳಲ್ಲಿ ಒಂದೂ ಇಲ್ಲ. ಭಯ, ಸಿಟ್ಟು, ನಾಚಿಕೆ, ಸುಳ್ಳು, ಎಲ್ಲಕ್ಕೂ ಮೈ ಬೆವರುವುದು ಒಂದೇ ಬಗೆಯಲ್ಲಿ.

ಆದ್ದರಿಂದ ಪರೀಕ್ಷೆಯ ಜೀವ ಇರುವುದು ಪ್ರಶ್ನೆಗಳಲ್ಲಿ. ಹೆಚ್ಚು ಬಳಕೆಯಲ್ಲಿರುವ ವಿಧಾನದಲ್ಲಿ 'ಆ ಹಣವನ್ನು ನೀವು ತೆಗೆದಿರಾ' ಎಂಬಂಥ ನೇರ ಪ್ರಶ್ನೆಯ ಪಕ್ಕದಲ್ಲಿ 'ನಿಮ್ಮನ್ನು ನಂಬಿದವರಿಗೆ ಎಂದಾದರೂ ಮೋಸ ಮಾಡಿದ್ದೀರಾ' ಎಂಬಂಥ ಹೋಲಿಕೆಯ ಪ್ರಶ್ನೆಯೊಂದನ್ನು ಇಡುತ್ತಾರೆ. ನಿರಪರಾಧಿಗೆ ಎರಡನೆಯದು ಹೆಚ್ಚು ಚುಚ್ಚುತ್ತದೆ, ಅಪರಾಧಿಗೆ ಮೊದಲನೆಯದು ಎಂಬುದು ಲೆಕ್ಕಾಚಾರ. ಪ್ರಶ್ನೆ ಪ್ರಶ್ನೆಯ ನಡುವೆ ಸುಮಾರು 25 ಸೆಕೆಂಡ್ ಬಿಡುತ್ತಾರೆ, ಮೈ ಮೊದಲಿನ ಸ್ಥಿತಿಗೆ ಮರಳಲಿ ಎಂದು. ಅದೇ ಪ್ರಶ್ನೆಗಳನ್ನು ಕನಿಷ್ಠ ಮೂರು ಸುತ್ತು ಕೇಳಿ, ಗೆರೆಗಳಿಗೆ ಅಂಕ ಹಾಕುತ್ತಾರೆ.

ಕೆಡುವುದು ಎಲ್ಲಿ? ಪ್ರಶ್ನೆ ಮಸುಕಾಗಿದ್ದರೆ ಕೆಡುತ್ತದೆ. 'ಈ ಕಳವಿನ ಬಗ್ಗೆ ನಿಮಗೇನಾದರೂ ಗೊತ್ತೇ' ಎಂದು ಕೇಳಿದರೆ, ಪತ್ರಿಕೆಯಲ್ಲಿ ಸುದ್ದಿ ಓದಿದವನಿಗೂ ಎದೆ ಹೊಡೆದುಕೊಳ್ಳುತ್ತದೆ. ನಿದ್ದೆಗೆಟ್ಟವರು, ಹೃದಯದ ಬಡಿತ ತಗ್ಗಿಸುವ ಮಾತ್ರೆ ನುಂಗುವವರು, ನೋವಿನಲ್ಲಿರುವವರು ಕುಳಿತರೂ ಗೆರೆ ಕೆಡುತ್ತದೆ. ಪರೀಕ್ಷಕ ಮೊದಲೇ ಒಂದು ತೀರ್ಮಾನಕ್ಕೆ ಬಂದು ಕೂತಿದ್ದರಂತೂ ಹೇಳುವುದೇ ಬೇಡ.

ಇನ್ನೊಂದು ಅಪಾಯ ಗಣಿತದ್ದು. ಅಮೆರಿಕದ ನ್ಯಾಷನಲ್ ರಿಸರ್ಚ್ ಕೌನ್ಸಿಲ್ 2003ರ ವರದಿಯಲ್ಲಿ ಒಂದು ಕಾಲ್ಪನಿಕ ಲೆಕ್ಕ ಕೊಟ್ಟಿತು. 10,000 ನೌಕರರಲ್ಲಿ 10 ಮಂದಿ ಗೂಢಚಾರರು ಇದ್ದಾರೆ ಎಂದುಕೊಳ್ಳಿ. ಸಾಕಷ್ಟು ನಿಖರವಾದ ಪರೀಕ್ಷೆಯನ್ನೇ ಇಟ್ಟುಕೊಂಡು ಅವರಲ್ಲಿ 8 ಮಂದಿಯನ್ನು ಹಿಡಿಯುವಂತೆ ಮಟ್ಟ ಗೊತ್ತುಮಾಡಿದರೆ, ಜೊತೆಗೆ 1,598 ನಿರಪರಾಧಿಗಳೂ ಬಲೆಗೆ ಬೀಳುತ್ತಾರೆ. ಇಬ್ಬರು ಗೂಢಚಾರರು ಆರಾಮಾಗಿ ಪಾಸಾಗಿ ಹೊರಗೆ ನಡೆಯುತ್ತಾರೆ. ನಡೆದುಹೋದ ಒಂದು ನಿರ್ದಿಷ್ಟ ಘಟನೆಯ ಬಗ್ಗೆ ಕೇಳುವುದು ಬೇರೆ, ಎಲ್ಲರನ್ನೂ ಸಾಲಾಗಿ ನಿಲ್ಲಿಸಿ ಜರಡಿ ಹಿಡಿಯುವುದು ಬೇರೆ. ಈ ವ್ಯತ್ಯಾಸವನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಈಗ ಭಾರತದ ಕಾನೂನು. ಇಲ್ಲಿ ದಾರಿ ತೋರುವ ತೀರ್ಪು ಕರ್ನಾಟಕದಿಂದಲೇ ಹೋದ ಪ್ರಕರಣದ್ದು: ಸೆಲ್ವಿ ಮತ್ತು ಕರ್ನಾಟಕ ರಾಜ್ಯ. 2010ರ ಮೇ 5ರಂದು ಸುಪ್ರೀಂ ಕೋರ್ಟಿನ ಮೂವರು ನ್ಯಾಯಮೂರ್ತಿಗಳ ಪೀಠ ಪಾಲಿಗ್ರಾಫ್, ಮಂಪರು ಪರೀಕ್ಷೆ, ಮೆದುಳಿನ ಅಲೆಗಳ ಪರೀಕ್ಷೆ, ಈ ಮೂರನ್ನೂ ಯಾರ ಮೇಲೂ ಬಲವಂತವಾಗಿ ಹೇರುವಂತಿಲ್ಲ ಎಂದಿತು. ಆಧಾರ ಸಂವಿಧಾನದ ಎರಡು ವಿಧಿಗಳು. 20(3)ನೇ ವಿಧಿ ಆರೋಪಿಯು ತನ್ನ ವಿರುದ್ಧ ತಾನೇ ಸಾಕ್ಷಿ ನುಡಿಯುವಂತೆ ಒತ್ತಾಯಿಸುವುದನ್ನು ತಡೆಯುತ್ತದೆ. 21ನೇ ವಿಧಿ ಜೀವ ಮತ್ತು ವೈಯಕ್ತಿಕ ಸ್ವಾತಂತ್ರ್ಯವನ್ನು ಕಾಯುತ್ತದೆ. ಬಾಯಿ ಬಿಡದಿದ್ದರೂ, ಮೈಯಿಂದ ಉತ್ತರ ಹೊರಡಿಸಿದರೆ ಅದೂ ಸಾಕ್ಷ್ಯ ನುಡಿಸಿದಂತೆಯೇ ಎಂಬುದು ನ್ಯಾಯಾಲಯದ ನಿಲುವು. ಬೆರಳಚ್ಚು ಅಥವಾ ರಕ್ತದ ಮಾದರಿ ಕೊಡುವುದಕ್ಕೂ ಇದಕ್ಕೂ ಇರುವ ವ್ಯತ್ಯಾಸ ಅದು.

ಒಪ್ಪಿಗೆ ಕೊಟ್ಟರೆ? ಆಗಲೂ ಫಲಿತಾಂಶ ತಾನಾಗಿ ಸಾಕ್ಷ್ಯವಾಗುವುದಿಲ್ಲ. ಆದರೆ ಒಪ್ಪಿಗೆಯಿಂದ ನಡೆದ ಪರೀಕ್ಷೆಯ ನೆರವಿನಿಂದ ಮುಂದೆ ಒಂದು ವಸ್ತು ಸಿಕ್ಕಿತು, ಉದಾಹರಣೆಗೆ ಹೂತಿಟ್ಟ ಚಾಕು, ಆಗ ಅದನ್ನು ಸಾಕ್ಷ್ಯ ಕಾಯ್ದೆಯ 27ನೇ ಕಲಮಿನ ಮೂಲಕ ಮುಂದಿಡಬಹುದು ಎಂದು ತೀರ್ಪು ಹೇಳಿತು. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ಸಾಕ್ಷ್ಯ ಅಧಿನಿಯಮದಲ್ಲಿ ಅದೇ ಮಾತು 23ನೇ ಕಲಮಿನ ಪರಂತುಕವಾಗಿ, ಅಂದರೆ ಕಲಮಿಗೆ ಸೇರಿಸಿದ ವಿನಾಯಿತಿಯ ಮಾತಾಗಿ, ಬಂದಿದೆ. ಸಣ್ಣದಾಗಿ ಕಾಣುವ ಈ ಕಿಂಡಿಯನ್ನು ಒಪ್ಪಿಗೆ ಕೊಡುವ ಮುನ್ನ ಯಾರಾದರೂ ವಿವರಿಸಿ ಹೇಳಲೇಬೇಕು.

ಹಾಗೆ ಹೇಳುವ ಕ್ರಮವೂ ಇದೆ. ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗ 2000ರಲ್ಲಿ ಹೊರಡಿಸಿದ ಮಾರ್ಗಸೂಚಿಯನ್ನು ಕಟ್ಟುನಿಟ್ಟಾಗಿ ಪಾಲಿಸಬೇಕೆಂದು ಸೆಲ್ವಿ ತೀರ್ಪು ಆದೇಶಿಸಿತು. ಅದರ ಪ್ರಕಾರ, ಪರೀಕ್ಷೆ ಬೇಕೇ ಬೇಡವೇ ಎಂಬ ಆಯ್ಕೆ ಆರೋಪಿಯದು. ಒಪ್ಪಿದರೆ ವಕೀಲರ ನೆರವು ಸಿಗಬೇಕು. ದೈಹಿಕ, ಮಾನಸಿಕ, ಕಾನೂನಿನ ಪರಿಣಾಮಗಳನ್ನು ಪೊಲೀಸರೂ ವಕೀಲರೂ ತಿಳಿಸಬೇಕು. ಒಪ್ಪಿಗೆ ದಾಖಲಾಗಬೇಕಾದ್ದು ನ್ಯಾಯಿಕ ಮ್ಯಾಜಿಸ್ಟ್ರೇಟರ ಮುಂದೆ. ಠಾಣೆಯಲ್ಲಿ ಬರೆಸಿಕೊಂಡ ಸಹಿ ಸಾಲದು. ಪರೀಕ್ಷೆಯಲ್ಲಿ ಹೇಳಿದ್ದು ಮ್ಯಾಜಿಸ್ಟ್ರೇಟರಿಗೆ ಕೊಟ್ಟ ತಪ್ಪೊಪ್ಪಿಗೆಯಾಗುವುದಿಲ್ಲ, ಪೊಲೀಸರಿಗೆ ಕೊಟ್ಟ ಹೇಳಿಕೆಯಷ್ಟೇ ಎಂಬುದನ್ನೂ ಆ ವ್ಯಕ್ತಿಗೆ ಸ್ಪಷ್ಟವಾಗಿ ತಿಳಿಸಬೇಕು. ಎಷ್ಟು ದಿನದಿಂದ ಬಂಧನದಲ್ಲಿದ್ದಾನೆ, ವಿಚಾರಣೆ ಹೇಗೆ ನಡೆದಿದೆ ಎಂಬುದನ್ನು ಮ್ಯಾಜಿಸ್ಟ್ರೇಟರು ಗಮನಿಸಬೇಕು. ಪರೀಕ್ಷೆಯನ್ನು ಆಸ್ಪತ್ರೆಯಂಥ ಸ್ವತಂತ್ರ ಸಂಸ್ಥೆಯೊಂದು ವಕೀಲರ ಸಮ್ಮುಖದಲ್ಲಿ ದಾಖಲಿಸಬೇಕು.

ಪರೀಕ್ಷಕರ ಕೈಯನ್ನು ಎಷ್ಟು ಸೂಕ್ಷ್ಮವಾಗಿ ಕಟ್ಟಬಹುದು ಎಂಬುದಕ್ಕೆ ಅಮೆರಿಕದ 1988ರ ನೌಕರರ ಪಾಲಿಗ್ರಾಫ್ ರಕ್ಷಣಾ ಕಾಯ್ದೆ ಒಳ್ಳೆಯ ಮಾದರಿ. ಖಾಸಗಿ ಮಾಲೀಕರು ನೌಕರರನ್ನು ಜರಡಿ ಹಿಡಿಯುವುದನ್ನು ಅದು ಬಹುಮಟ್ಟಿಗೆ ನಿಷೇಧಿಸಿದೆ. ಸರ್ಕಾರಿ ಕಚೇರಿಗಳು ಅದರ ಹೊರಗೆ ಉಳಿದಿರುವುದು ಮಾತ್ರ ವಿಚಿತ್ರ. ಕಳವು, ದುರುಪಯೋಗದಂಥ ನಷ್ಟದ ತನಿಖೆ ನಡೆಯುತ್ತಿದ್ದು, ನಿರ್ದಿಷ್ಟ ನೌಕರನ ಮೇಲೆ ಸಕಾರಣ ಅನುಮಾನ ಇದ್ದರೆ ಕೇಳಬಹುದು. ಆಗಲೂ 48 ಗಂಟೆ ಮೊದಲು ಲಿಖಿತ ನೋಟಿಸ್ ಕೊಡಬೇಕು, ವಾರಾಂತ್ಯ ಮತ್ತು ರಜಾದಿನ ಈ ಲೆಕ್ಕಕ್ಕೆ ಸೇರುವುದಿಲ್ಲ. ದನಿಯ ಕಂಪನದಿಂದ ಸುಳ್ಳು ಹಿಡಿಯುತ್ತೇವೆನ್ನುವ ಯಂತ್ರಗಳಿಗೆ ಖಾಸಗಿ ಮಾಲೀಕರ ಬಳಿ ಈ ವಿನಾಯಿತಿಯೂ ಇಲ್ಲ.

ಪರೀಕ್ಷಕರಿಗೆ ಆ ರಾಜ್ಯದಲ್ಲಿ ಪರವಾನಗಿ ಕಡ್ಡಾಯವಾಗಿದ್ದರೆ ಅದು ಇರಬೇಕು, ಜೊತೆಗೆ ಕನಿಷ್ಠ 50,000 ಡಾಲರ್ ಬಾಂಡ್ ಅಥವಾ ಅಷ್ಟೇ ಮೊತ್ತದ ವೃತ್ತಿ ವಿಮೆ. ಪರೀಕ್ಷೆ 90 ನಿಮಿಷಕ್ಕಿಂತ ಮೊದಲು ಮುಗಿಯಕೂಡದು. ದಿನಕ್ಕೆ ಐದಕ್ಕಿಂತ ಹೆಚ್ಚು ಪರೀಕ್ಷೆ ಮಾಡುವಂತಿಲ್ಲ. ತನಿಖೆಗೆ ಸಂಬಂಧಿಸಿದ ಪ್ರಶ್ನೆಗಳನ್ನೆಲ್ಲ ಮೊದಲೇ ಬರೆದು ತೋರಿಸಬೇಕು, ತೋರಿಸದ್ದನ್ನು ಕೇಳುವಂತಿಲ್ಲ. ಧರ್ಮ, ರಾಜಕೀಯ, ಲೈಂಗಿಕ ಜೀವನ, ಕಾರ್ಮಿಕ ಸಂಘದ ಸಂಗತಿ ಎತ್ತುವಂತಿಲ್ಲ. ಕೂತವರು ಯಾವಾಗ ಬೇಕಾದರೂ ಎದ್ದು ಹೋಗಬಹುದು. ಅಭಿಪ್ರಾಯ ಲಿಖಿತವಾಗಿರಬೇಕು, ಗೆರೆಗಳನ್ನಷ್ಟೇ ಆಧರಿಸಿರಬೇಕು. ಈತನನ್ನು ಕೆಲಸದಿಂದ ತೆಗೆಯಿರಿ ಎಂಬ ಸಲಹೆ ಅದರಲ್ಲಿ ಇರಕೂಡದು. ದಾಖಲೆಗಳನ್ನು ಮೂರು ವರ್ಷ ಕಾಪಿಡಬೇಕು. ಒಂದೊಂದು ನಿಯಮದ ಹಿಂದೆಯೂ ಪರೀಕ್ಷೆ ಕೆಡುವ ಒಂದೊಂದು ಜಾಗ ಕಾಣುತ್ತದೆ: ಅವಸರ, ದಣಿವು, ಕೆಣಕುವ ಪ್ರಶ್ನೆ, ಮಾಲೀಕನ ಮನಸ್ಸನ್ನು ಓದಿ ಬರೆಯುವ ವರದಿ.

ಬೇರೆಡೆಯೂ ನ್ಯಾಯಾಲಯಗಳು ಇದಕ್ಕೆ ಬಾಗಿಲು ತೆರೆಯಲು ಹಿಂಜರಿದಿವೆ. ಅಮೆರಿಕದ 1923ರ ಫ್ರೈ ತೀರ್ಪು ಇದರ ಹಿಂದಿನ ರೂಪವಾದ ರಕ್ತದೊತ್ತಡದ ಪರೀಕ್ಷೆಯನ್ನು, ಕೆನಡಾದ 1987ರ ಬೆಲಾಂಡ್ ತೀರ್ಪು ಪಾಲಿಗ್ರಾಫನ್ನು ಹೊರಗಿಟ್ಟವು. ಇಂಗ್ಲೆಂಡಿನಲ್ಲಿ ಷರತ್ತಿನ ಮೇಲೆ ಬಿಡುಗಡೆಯಾದ ಕೆಲವು ಲೈಂಗಿಕ ಅಪರಾಧಿಗಳಿಗೆ ಪಾಲಿಗ್ರಾಫ್ ಕಡ್ಡಾಯ. ಆದರೆ ಆ ಪರೀಕ್ಷೆಯಲ್ಲಿ ಹೇಳಿದ್ದನ್ನು ಕ್ರಿಮಿನಲ್ ಮೊಕದ್ದಮೆಯಲ್ಲಿ ಅವರ ವಿರುದ್ಧವೇ ಸಾಕ್ಷ್ಯವಾಗಿ ಬಳಸುವಂತಿಲ್ಲ.

ಕೊನೆಗೆ, ವಕೀಲರಿಗೂ ಕುಟುಂಬದವರಿಗೂ ಒಂದು ಮಾತು. ತೆಗೆದುಕೊಳ್ಳುತ್ತಿರುವ ಔಷಧಿಗಳ ಪಟ್ಟಿ, ಹಿಂದಿನ ರಾತ್ರಿ ಎಷ್ಟು ನಿದ್ದೆಯಾಯಿತು ಎಂಬುದು, ಪರೀಕ್ಷೆಗೆ ಮೊದಲೇ ದಾಖಲೆಗೆ ಹೋಗಲಿ. ತೋಳಿನ ಪಟ್ಟಿ, ಬೆರಳಿನ ತಂತಿ ಬಿಚ್ಚಿದ ಮೇಲೆ ಪರೀಕ್ಷಕರು 'ಗೆರೆಗಳು ಸರಿ ಬಂದಿಲ್ಲವಲ್ಲ, ಏನು ವಿಷಯ' ಎಂದು ಮಾತು ತೆಗೆಯುವುದು ರೂಢಿ. ಯಂತ್ರ ಆರಿದೆ ಎಂದು ಮೈಮರೆತವರು ಹೆಚ್ಚು ಮಾತಾಡುವುದೇ ಆ ಹೊತ್ತಿನಲ್ಲಿ. ಆ ಸಂಭಾಷಣೆಯೂ ಪರೀಕ್ಷೆಯ ಭಾಗ. ಅದು ಮುಗಿಯುವವರೆಗೆ ವಕೀಲರು ಕುರ್ಚಿ ಬಿಟ್ಟು ಏಳಬಾರದು.