ದುಡ್ಡು ತಟ್ಟೆಯಲ್ಲಿತ್ತು

ಈಗಷ್ಟೇ 'ರಾಕ್ ಅರೌಂಡ್ ದ ಕ್ಲಾಕ್' ಸಿನಿಮಾ ನೋಡಿದಿರಿ. ಕತೆಯೇ ಇಲ್ಲವಲ್ಲ ಎಂದು ಹಿಂದಿನ ಸಾಲಿನಲ್ಲಿ ಗೊಣಗಿದ್ದು ಇಲ್ಲಿಗೂ ಕೇಳಿಸಿತು. ಒಪ್ಪಿದೆ. ಮ್ಯಾನೇಜರ್ ಒಬ್ಬ ಹಳ್ಳಿಯ ಕುಣಿತದಲ್ಲಿ ಒಂದು ತಂಡವನ್ನು ಕಾಣುತ್ತಾನೆ, ನ್ಯೂಯಾರ್ಕಿನ ಕಡೆ ಎಳೆದೊಯ್ಯುತ್ತಾನೆ. ಮುಗಿಯಿತು. ಆದರೆ ನಿರ್ಮಾಪಕ ಸ್ಯಾಮ್ ಕ್ಯಾಟ್ಸ್‌ಮನ್ ಕತೆಯನ್ನು ನಂಬಿ ಹೊರಟವನೇ ಅಲ್ಲ. ದುಡ್ಡು ತಟ್ಟೆಯಲ್ಲಿತ್ತು, ಗ್ರಾಮಫೋನ್ ತಟ್ಟೆಯಲ್ಲಿ.

1956ರ ಜನವರಿಯಲ್ಲಿ ಚಿತ್ರೀಕರಣ, ಮಾರ್ಚ್‌ನಲ್ಲಿ ಬಿಡುಗಡೆ. ಕೊಲಂಬಿಯಾ ಚಿತ್ರಸಂಸ್ಥೆಗೆ ಇಷ್ಟು ಬೇಗ ಹೇಗೆ ಸಾಧ್ಯವಾಯಿತು? ಹೆಚ್ಚಿನ ಹಾಡುಗಳು ಆಗಲೇ ಮುದ್ರಣವಾಗಿ, ಮಾರಾಟವಾಗಿ, ಹುಡುಗರ ಬಾಯಲ್ಲಿದ್ದವು. ತಂಡದ ಗಾಯಕ ಬಿಲ್ ಹೇಲಿ ಬಂದು ತನ್ನದೇ ಹಾಡಿಗೆ ತುಟಿ ಆಡಿಸಿದರೆ ಸಾಕಿತ್ತು.

ಸಾಕಿತ್ತು ಅಂದೆ, ಆದರೆ ಅದು ಸುಲಭವಲ್ಲ. ಕ್ಯಾಮೆರಾ ಸೆಕೆಂಡಿಗೆ 24 ಫ್ರೇಮ್ ಓಡುತ್ತದೆ, ಒಂದು ಅಡಿ ಫಿಲ್ಮಿಗೆ 16 ಫ್ರೇಮ್. ಚಿತ್ರದ ಹೆಸರಿನದೇ ಹಾಡು 2 ನಿಮಿಷ 8 ಸೆಕೆಂಡಿನದು, ಅದಕ್ಕೆ 192 ಅಡಿ ಫಿಲ್ಮ್. ಹಾಡು ನುಡಿಸುವ ಯಂತ್ರದ ವೇಗ ನೂರಕ್ಕೆ ಒಂದು ಪಾಲು ತಪ್ಪಿದರೂ ಹಾಡು ಮುಗಿಯುವ ಹೊತ್ತಿಗೆ ಸುಮಾರು 31 ಫ್ರೇಮ್ ವ್ಯತ್ಯಾಸ. ಅದಕ್ಕೇ ಎರಡು ಮೋಟಾರುಗಳನ್ನೂ ಒಟ್ಟಿಗೆ ಬಿಗಿಯುವುದು. ಸ್ಪೀಕರನ್ನು 47 ಅಡಿ ದೂರವಿಟ್ಟರೆ ದನಿ ತಲುಪುವಷ್ಟರಲ್ಲಿ ಒಂದು ಫ್ರೇಮ್ ಹೋಗಿರುತ್ತದೆ. ಈ ಹಾಡಿನಲ್ಲಂತೂ ಗಾಯಕ ಶುರುವಿನಲ್ಲೇ ಬಾಯಿ ತೆರೆಯಬೇಕು. ಮುಂಚೆ ನಾಲ್ಕು ಟಿಕ್ ಟಿಕ್ ಸೇರಿಸದಿದ್ದರೆ ಮೊದಲ ಪದವೇ ಗುಳುಂ.

ದೂರದ ಶಾಟ್‌ನಲ್ಲಿ ತುಟಿ ಎರಡು ಫ್ರೇಮ್ ತಪ್ಪಿದರೆ ಯಾರಿಗೂ ಗೊತ್ತಾಗದು. ಡ್ರಮ್ಮಿನ ಕೋಲು ಮಾತ್ರ ಬಿಡುವುದಿಲ್ಲ. ತಪ್ಪಿದಲ್ಲಿ ಸಂಕಲನಕಾರ ಏನು ಮಾಡುತ್ತಾನೆ? ಕುಣಿಯುವವರ ಕಾಲು ತೋರಿಸುತ್ತಾನೆ. ಲೀಸಾ ಗೇ, ಅರ್ಲ್ ಬಾರ್ಟನ್ ಜೋಡಿ ಕುಣಿಯುವಷ್ಟು ಹೊತ್ತು ವಾದ್ಯದವರ ಕೈ ತೋರಿಸುವ ಗೊಡವೆಯೇ ಇಲ್ಲ. ನಮ್ಮಲ್ಲಿ ಮರ ಸುತ್ತಿಸುತ್ತಿದ್ದರಲ್ಲ, ಹಾಗೇ ಅನ್ನಿ!

ಇನ್ನು ಆ ಹಾಡಿನ ಗಿಟಾರ್. ಇದನ್ನು ಹೇಳದೆ ಇಳಿಯುವುದಿಲ್ಲ. ಮೂಲ ಮುದ್ರಣ 1954ರ ಏಪ್ರಿಲ್ 12ರಂದು, ನ್ಯೂಯಾರ್ಕಿನ ಪೈಥಿಯನ್ ಟೆಂಪಲ್‌ನಲ್ಲಿ. ತಟ್ಟೆ ಕಂಪನಿ ಡೆಕ್ಕಾದವರಿಗೆ ಬೇಕಿದ್ದದ್ದು ಬೇರೊಂದು ಹಾಡು; ಹೊತ್ತೆಲ್ಲ ಅದಕ್ಕೇ ಹೋಯಿತು. ಇದಕ್ಕೆ ಉಳಿದದ್ದು ಎರಡೇ ಟೇಕಿನಷ್ಟು ಸಮಯ, ತಟ್ಟೆಯ ಹಿಂಬದಿಯ ಜಾಗ. ಗಿಟಾರ್ ನುಡಿಸಿದ ಡ್ಯಾನಿ ಸೆಡ್ರೋನ್ ಹೊಸದೇನೂ ಹುಡುಕಲಿಲ್ಲ. 1952ರಲ್ಲಿ 'ರಾಕ್ ದ ಜಾಯಿಂಟ್'ಗೆ ನುಡಿಸಿದ್ದ ತುಣುಕನ್ನೇ ಮತ್ತೆ ಬಾರಿಸಿದ. 1954ರ ಜೂನ್‌ನಲ್ಲೇ ಮೆಟ್ಟಿಲಿನಿಂದ ಬಿದ್ದು ತೀರಿಕೊಂಡ. ತೆರೆಯ ಮೇಲೆ ಬೆರಳಾಡಿಸುವವನು ಫ್ರ್ಯಾನಿ ಬೀಚರ್. ನೀವು ಕೇಳಿದ್ದು ಸೆಡ್ರೋನ್‌ನನ್ನು. ಸ್ಯಾಕ್ಸೊಫೋನಿನವನೂ ಬೇರೆ, ಬಾಸ್‌ನವನೂ ಬೇರೆ: ಹಳಬರು 1955ರಲ್ಲೇ ತಂಡ ಬಿಟ್ಟಿದ್ದರು. ಹೊಸದಾಗಿ ಮುದ್ರಿಸಬಹುದಿತ್ತಲ್ಲ ಅಂತೀರಿ. ಯಾಕೆ ಮುದ್ರಿಸಬೇಕು? ಜನ ಕಾಸು ಕೊಟ್ಟು ಬಂದದ್ದೇ ಆ ಸದ್ದಿಗೆ. ದುಡ್ಡು ತಟ್ಟೆಯಲ್ಲಿತ್ತು.

ಚೀಟಿ ಬಂತು, ಐದೇ ನಿಮಿಷವಂತೆ. ಚಿತ್ರದಲ್ಲಿ ಹಾಡಿದ ಪ್ಲ್ಯಾಟರ್ಸ್ ತಂಡ, ರೇಡಿಯೋದ ಅಲನ್ ಫ್ರೀಡ್, ಬ್ರಿಟನ್ನಿನ ಥಿಯೇಟರ್ ಗಲಾಟೆ, ಎಲ್ಲ ಬಿಟ್ಟೆ. ಒಂದೇ ಮಾತು: 1961ರಲ್ಲಿ ಕ್ಯಾಟ್ಸ್‌ಮನ್ ಇದೇ ಕತೆಯನ್ನು ಟ್ವಿಸ್ಟ್ ಕುಣಿತದ ಗಾಯಕ ಚಬ್ಬಿ ಚೆಕರ್‌ನನ್ನು ಹಾಕಿಕೊಂಡು 'ಟ್ವಿಸ್ಟ್ ಅರೌಂಡ್ ದ ಕ್ಲಾಕ್' ಅಂತ ಮತ್ತೆ ತೆಗೆದ. ಕತೆ ಅದೇ, ತಟ್ಟೆ ಬದಲು.

ಕೊನೆಯ ಹಾಡನ್ನು ಇನ್ನೊಮ್ಮೆ ಹಾಕುತ್ತಾರಂತೆ. ಈ ಸಲ ಹೇಲಿಯನ್ನು ಬಿಡಿ, ಹಿಂದೆ ಕೂತ ಡ್ರಮ್ಮಿನವನ ಕೈ ನೋಡಿ.