ಎಲ್ಲವೂ ಒಂದೊಂದೇ ಇರುವ ಊರು

ಕೇಳುಗರಿಗೆ ನಮಸ್ಕಾರ.

ಹೊಲಗಳ ನಡುವೆ ಬೆಳೆದ ಸಣ್ಣ ಪಟ್ಟಣದ ಮುಖ್ಯ ಬೀದಿಯನ್ನು ಈ ತುದಿಯಿಂದ ಆ ತುದಿಗೆ ನಡೆದು ಮುಗಿಸಲು ಹೆಚ್ಚು ಹೊತ್ತು ಬೇಕಾಗುವುದಿಲ್ಲ. ಆ ಬೀದಿಯಲ್ಲಿ ಔಷಧದ ಅಂಗಡಿ ಒಂದು, ಬ್ಯಾಂಕು ಒಂದು, ಅಂಚೆ ಕಚೇರಿ ಒಂದು, ಪ್ರೌಢಶಾಲೆಯೂ ಒಂದೇ. ಹಳ್ಳಿಯಲ್ಲಿ ಇವುಗಳಲ್ಲಿ ಹೆಚ್ಚಿನವು ಇರುವುದೇ ಇಲ್ಲ. ನಗರದಲ್ಲಾದರೆ ಒಂದು ಮುಚ್ಚಿದರೂ ಪಕ್ಕದ ಬೀದಿಯಲ್ಲಿ ಇನ್ನೊಂದು ಸಿಗುತ್ತದೆ. ಎಲ್ಲವೂ ಒಂದೊಂದೇ ಇರುವ ಊರಿನಲ್ಲಿ ಬದುಕುವವರ ನೆಮ್ಮದಿಯೂ ಆತಂಕವೂ ಹುಟ್ಟುವುದು ಈ ಸ್ಥಿತಿಯಿಂದಲೇ ಎಂದು ನಾನು ನಂಬಿದ್ದೇನೆ.

ಪಟ್ಟಣವೆಂದರೆ ಯಾವುದು ಎಂಬುದಕ್ಕೆ ದೇಶಕ್ಕೊಂದು ಅಳತೆಯಿದೆ. ವಿಶ್ವಸಂಸ್ಥೆಯ ಸಂಖ್ಯಾಶಾಸ್ತ್ರ ಆಯೋಗವು 2020ರಲ್ಲಿ ಒಪ್ಪಿದ ವಿಧಾನದಲ್ಲಿ ನಗರಕ್ಕೆ ಕನಿಷ್ಠ 50,000 ಜನಸಂಖ್ಯೆ ಬೇಕು. ಅದಕ್ಕಿಂತ ಚಿಕ್ಕದಾಗಿದ್ದು, 5,000ಕ್ಕೆ ಕಡಿಮೆಯಿಲ್ಲದ ಜನ ಒತ್ತಾಗಿ ನೆಲೆಸಿರುವ ಜಾಗವನ್ನು ಪಟ್ಟಣಗಳ ಸಾಲಿಗೆ ಸೇರಿಸಲಾಗುತ್ತದೆ. ಆದರೆ ಅಂಗಡಿ, ಆಸ್ಪತ್ರೆಗಳು ನಿಂತಿರುವುದು ಊರಿನವರನ್ನಷ್ಟೇ ನಂಬಿಕೊಂಡಲ್ಲ, ಸುತ್ತಲಿನ ಹಳ್ಳಿಗಳಿಂದ ಬಂದು ಹೋಗುವವರನ್ನೂ ನಂಬಿಕೊಂಡು. ದಕ್ಷಿಣ ಜರ್ಮನಿಯ ಊರುಗಳನ್ನು ಅಭ್ಯಾಸ ಮಾಡಿದ ಭೂಗೋಳಶಾಸ್ತ್ರಜ್ಞ ವಾಲ್ಟರ್ ಕ್ರಿಸ್ಟಾಲರ್ 1933ರಲ್ಲಿ ಇದನ್ನೇ ಸಿದ್ಧಾಂತವಾಗಿ ಮಂಡಿಸಿದರು. ಅವರ ವಿಚಾರಧಾರೆಯಂತೆ, ಪ್ರತಿಯೊಂದು ಸೇವೆಯೂ ಉಳಿಯಬೇಕಾದರೆ ಅದನ್ನು ಬಳಸುವವರ ಸಂಖ್ಯೆ ಒಂದು ಮಟ್ಟಕ್ಕಿಂತ ಕೆಳಗಿಳಿಯಬಾರದು. ದಿನಸಿ ಅಂಗಡಿಗೆ ಸ್ವಲ್ಪವೇ ಜನ ಸಾಕು, ತಜ್ಞ ವೈದ್ಯರಿಗೆ ಬಹಳ ಜನ ಬೇಕು.

ಸಣ್ಣ ಪಟ್ಟಣದವರು ಈ ಲೆಕ್ಕವನ್ನು ಪುಸ್ತಕದಿಂದ ಕಲಿಯಬೇಕಾಗಿಲ್ಲ. ಓದಿಗೆಂದು, ಕೆಲಸಕ್ಕೆಂದು ಹರೆಯದವರು ಊರು ಬಿಡುತ್ತಾರೆ. ಶಾಲೆಯ ತರಗತಿಯೊಂದು ಖಾಲಿಯಾಗುತ್ತದೆ, ಮಧ್ಯಾಹ್ನದ ಬಸ್ಸಿನಲ್ಲಿ ಜನ ಕಡಿಮೆಯಾಗುತ್ತಾರೆ. ಜನವಿಲ್ಲವೆಂದು ಬಸ್ಸು ನಿಲ್ಲುತ್ತದೆ, ಬಸ್ಸಿಲ್ಲವೆಂದು ಇನ್ನೂ ನಾಲ್ಕು ಮನೆಯವರು ಹೊರಡುತ್ತಾರೆ. ಹೊರಟವರನ್ನು ದೂರುವುದು ನ್ಯಾಯವಲ್ಲ. ಆದರೆ ಉಳಿದವರ ಕಡೆಯಿಂದ ನೋಡಿದಾಗ, ನಿಂತುಹೋದ ಒಂದು ಬಸ್ಸು ಕಾಲೇಜಿಗೆ ಹೋಗುವ ಹುಡುಗಿಯ ಓದನ್ನೇ ನಿಲ್ಲಿಸಬಲ್ಲದು.

ದೂರ ಎಷ್ಟು ಕಠಿಣವೆಂಬುದು ಕಾಯಿಲೆಯ ಹೊತ್ತಿನಲ್ಲಿ ತಿಳಿಯುತ್ತದೆ. ರಾತ್ರಿ ಊಟಕ್ಕೆ ಕುಳಿತ ಹಿರಿಯರೊಬ್ಬರ ಬಲಗೈಯಿಂದ ಲೋಟ ಜಾರುತ್ತದೆ, ಮಾತು ತೊದಲುತ್ತದೆ. ಮನೆಯವರು ಸುಸ್ತಿರಬಹುದೆಂದು ಮಲಗಿಸಿ, ಬೆಳಗಿನ ಮೊದಲ ಬಸ್ಸಿಗೆ ಕರೆದೊಯ್ಯೋಣವೆಂದುಕೊಳ್ಳುತ್ತಾರೆ. ಮಿದುಳಿನ ರಕ್ತನಾಳದಲ್ಲಿ ಹೆಪ್ಪುಗಟ್ಟಿ ಪಾರ್ಶ್ವವಾಯು ಬಡಿದಿದ್ದರೆ, ಆ ಹೆಪ್ಪನ್ನು ಕರಗಿಸುವ ಔಷಧವನ್ನು ಸಾಮಾನ್ಯವಾಗಿ ನಾಲ್ಕೂವರೆ ಗಂಟೆಯೊಳಗೆ ಕೊಡಬೇಕಾಗುತ್ತದೆ. ಅದಕ್ಕೂ ಮೊದಲು ತಲೆಯ ಸ್ಕ್ಯಾನ್ ಆಗಬೇಕು. ಸ್ಕ್ಯಾನ್ ಯಂತ್ರ ಇರುವುದು ದೂರದ ನಗರದಲ್ಲಿ. ಬೆಳಗಾಗುವವರೆಗೆ ಕಾದರೆ ಆ ಅವಧಿ ಮೀರಿಹೋಗಿರುತ್ತದೆ. ಆದ್ದರಿಂದ ಮುಖ ಸೊಟ್ಟಗಾದರೆ, ಕೈ ಸೋತರೆ, ಮಾತು ತೊದಲಿದರೆ ಆ ಕ್ಷಣವೇ ಆಂಬುಲೆನ್ಸಿಗೆ ಕರೆ ಮಾಡಬೇಕೆಂದು, ದೂರದ ಊರುಗಳಲ್ಲಿ ಕೇಳುತ್ತಿರುವವರಲ್ಲಿ ವಿಶೇಷವಾಗಿ ವಿನಂತಿಸುತ್ತೇನೆ.

ಇಂಥ ರಾತ್ರಿಯಲ್ಲಿ ಮೊದಲು ಓಡಿ ಬರುವವರು ನೆರೆಯವರೇ. ಎಲ್ಲರಿಗೂ ಎಲ್ಲರ ವಿಷಯ ಗೊತ್ತಿರುವುದು ಸಣ್ಣ ಪಟ್ಟಣದ ದೊಡ್ಡ ಕಾಟವೆಂದು ಹಲವರು ಹೇಳುತ್ತಾರೆ, ಅದು ಸುಳ್ಳಲ್ಲ. ಮನಸ್ಸಿನ ಕಾಯಿಲೆಗೆ ಚಿಕಿತ್ಸೆ ಪಡೆಯಬೇಕಾದವರು ಚಿಕಿತ್ಸಾಲಯದ ಬಾಗಿಲಲ್ಲಿ ಯಾರಾದರೂ ನೋಡಿಯಾರೆಂದು ಅಂಜಿ ಹಿಂದಿರುಗುವುದುಂಟು. ಹೇಳಿಕೊಳ್ಳಲಾಗದ ಈ ನೋವಿಗೆ ಊರಿನ ಅಕ್ಕರೆ ಪರಿಹಾರವಾಗಲಾರದು.

ಆದರೂ ಔಷಧದ ಅಂಗಡಿಯವರ ನೆನಪಿನಲ್ಲಿ ಯಾರ ರಕ್ತದೊತ್ತಡದ ಮಾತ್ರೆ ಯಾವಾಗ ಮುಗಿಯುತ್ತದೆಂಬ ಲೆಕ್ಕವಿರುತ್ತದೆ. ತಿಂಗಳ ಮಾತ್ರೆ ಒಯ್ಯಲು ಒಂಟಿಯಾಗಿರುವ ವೃದ್ಧೆಯೊಬ್ಬರು ಬರದಿದ್ದ ಸಂಜೆ, ಅವರು ಅಂಗಡಿಯ ಬಾಗಿಲೆಳೆದು, ಆ ಪೊಟ್ಟಣವನ್ನು ಜೇಬಿಗೆ ಹಾಕಿಕೊಂಡು, ವೃದ್ಧೆಯ ಮನೆಯ ದಾರಿಯಾಗಿಯೇ ಹೋಗುತ್ತಾರೆ.

ನಮಸ್ಕಾರ.